ಸಬ್ ಔಟ್ ಇಲ್ಲದ ಹಳೇ ಸ್ಟೀರಿಯೊಗೆ ಪೋಲ್ಕ್ ಪಿಎಸ್‌ಡಬ್ಲ್ಯು10: ಯಾರಿಗೆ ಹೊಂದುತ್ತದೆ, ಯಾರಿಗೆ ಬೇಡ

ಪೋಲ್ಕ್ ಆಡಿಯೊ ಪಿಎಸ್‌ಡಬ್ಲ್ಯು10 ಒಂದು ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ. ಹೊಸ ಸರಕೇನಲ್ಲ. 1972ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಶುರುವಾದ ಕಂಪನಿಯ ಹಳೇ ಮಾಡೆಲ್ ಇದು. 10 ಇಂಚಿನ ಕೋನ್, ಒಳಗೇ ಕೂರಿಸಿದ ಆಂಪ್ಲಿಫೈಯರ್, ಗಾಳಿಕಿಂಡಿ ಇರುವ ಸಾದಾ ಕಪ್ಪು ಪೆಟ್ಟಿಗೆ, ಹೆಚ್ಚುಕಮ್ಮಿ 12 ಕಿಲೊ ತೂಕ. ಬಿಡದೆ ಕೊಡುವ ಪವರ್ 50 ವ್ಯಾಟ್, ಕ್ಷಣದ ಮಟ್ಟಿಗೆ 100 ವ್ಯಾಟ್. ಈ ಅಂಕಿ ನೋಡಿಯೇ ಮೂಗು ಮುರಿಯುವವರಿದ್ದಾರೆ. ಆದರೆ ಈ ಪೆಟ್ಟಿಗೆಯ ಯೋಗ್ಯತೆ ತಿಳಿಯಬೇಕಾದರೆ ಅದರ ಬೆನ್ನು ನೋಡಬೇಕು. ಅಲ್ಲಿ ಆರ್‌ಸಿಎ ಜ್ಯಾಕ್‌ಗಳ ಜೊತೆಗೆ ಸ್ಪೀಕರ್ ವೈರನ್ನೇ ನೇರವಾಗಿ ಸಿಕ್ಕಿಸುವ ಟರ್ಮಿನಲ್‌ಗಳಿವೆ. ಒಳಬರುವುದಕ್ಕೆ ಒಂದು ಸಾಲು, ಹೊರಹೋಗುವುದಕ್ಕೆ ಒಂದು ಸಾಲು.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ 80, 90ರ ದಶಕದ ಸೋನೊಡೈನ್, ಫಿಲಿಪ್ಸ್, ಸೋನಿ ಆಂಪ್ಲಿಫೈಯರ್‌ಗಳು ಇನ್ನೂ ಗಟ್ಟಿಯಾಗಿ ದುಡಿಯುತ್ತಿವೆ. ಅವುಗಳಲ್ಲಿ ಬಹುತೇಕಕ್ಕೆ ಸಬ್‌ವೂಫರಿಗೆ ಸಿಗ್ನಲ್ ಕೊಡುವ ಸಬ್‌ವೂಫರ್ ಔಟ್ ಇಲ್ಲ, ಸ್ಪೀಕರಿಗೆ ಹೋಗುವಷ್ಟು ಬಲ ಪಡೆಯುವ ಮುಂಚಿನ ಸಿಗ್ನಲನ್ನು ಹೊರಗೆ ಕೊಡುವ ಪ್ರೀ ಔಟ್ ಕೂಡ ಇಲ್ಲ. ಅಂಗಡಿಗೆ ಹೋಗಿ ಕೇಳಿದರೆ ‘ಸರ್, ಇದಕ್ಕೆ ಆಗಲ್ಲ, ಎವಿ ರಿಸೀವರ್ (ಹೋಮ್ ಥಿಯೇಟರ್ ಆಂಪ್ಲಿಫೈಯರ್) ತಗೊಳ್ಳಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆಗುತ್ತದೆ. ಆಂಪ್ಲಿಫೈಯರಿಗೆ ಒಂದು ಪೈಸೆಯೂ ಖರ್ಚು ಮಾಡದೆ, ಹತ್ತು ಮೀಟರ್ ವೈರಿನಲ್ಲಿ ಆಗುತ್ತದೆ. ಅದಕ್ಕೆ ಬೇಕಾದ ಬಾಗಿಲು ಈ ಸಬ್‌ವೂಫರಿನಲ್ಲಿ ಇದೆ ಎಂಬುದೇ ಇದನ್ನು ಕೊಳ್ಳಲು ಮೊದಲ ಕಾರಣ.

ಕೊಳ್ಳದಿರಲೂ ಒಂದು ಕಾರಣವಿದೆ. ಅದನ್ನು ಈಗಲೇ ಹೇಳುವುದು ಒಳ್ಳೆಯದು. ಯಾವ ಸ್ವರದವರೆಗೆ ಸಬ್ ಹಾಡಬೇಕು ಎಂದು ಗೆರೆ ಎಳೆಯುವ ಇದರ ಕ್ರಾಸ್‌ಓವರ್ ನಾಬ್ 80 ಹರ್ಟ್ಸ್‌ನಿಂದ 160 ಹರ್ಟ್ಸ್‌ವರೆಗೆ ಮಾತ್ರ ತಿರುಗುತ್ತದೆ. 80ಕ್ಕಿಂತ ಕೆಳಗೆ ಇಳಿಸಲು ದಾರಿಯಿಲ್ಲ. ನಿಮ್ಮ ಸ್ಪೀಕರ್ 4 ಇಂಚು, 5 ಇಂಚಿನ ಬುಕ್‌ಶೆಲ್ಫ್ ಆಗಿದ್ದರೆ ತೊಂದರೆಯಿಲ್ಲ, ಅವುಗಳ ದನಿ ಸೋಲುವ ಕಡೆಯಲ್ಲೇ ಇದು ಹಿಡಿದುಕೊಳ್ಳುತ್ತದೆ. ಆದರೆ ನೆಲದ ಮೇಲೆ ನಿಲ್ಲುವ, 40 ಹರ್ಟ್ಸ್‌ವರೆಗೆ ತಾವೇ ಇಳಿಯುವ ಟವರ್ ಸ್ಪೀಕರ್ ಇದ್ದವರು ಇದನ್ನು ತರಬೇಡಿ. 40ರಿಂದ 80ರ ನಡುವೆ ಟವರ್ ಕೂಡ ಹಾಡುತ್ತದೆ, ಇದೂ ಹಾಡುತ್ತದೆ. ಒಂದೇ ಸ್ವರವನ್ನು ಇಬ್ಬರು ಹಿಡಿದು ಎಳೆದಂತಾಗಿ ಬೇಸ್ ಮುದ್ದೆಯಾಗುತ್ತದೆ. ಅಂಥವರಿಗೆ 40, 50ಕ್ಕೆ ಇಳಿಯುವ ನಾಬ್ ಇರುವ ಸಬ್‌ವೂಫರ್ ಬೇಕು. ಬ್ರಿಟನ್ನಿನ ಆರ್‌ಇಎಲ್ ಕಂಪನಿ 1990ರಿಂದ ಸ್ಪೀಕರ್ ಟರ್ಮಿನಲ್‌ನಿಂದಲೇ ಸಿಗ್ನಲ್ ತೆಗೆಯುವ ಈ ಪದ್ಧತಿಯನ್ನೇ ನೆಚ್ಚಿಕೊಂಡು ಬಂದಿದೆ. ಟವರ್ ಇರುವವರು ಅತ್ತ ನೋಡಬಹುದು, ಆದರೆ ಅಲ್ಲಿ ಬೆಲೆಯ ಲೆಕ್ಕವೇ ಬೇರೆ.

ಇನ್ನು ಇದು ಎಷ್ಟು ಕೆಳಗೆ ಹೋಗುತ್ತದೆ? ಕಂಪನಿಯೇ ಕೊಡುವ ಅಂಕಿ, 3 ಡೆಸಿಬೆಲ್ ಇಳಿತದಲ್ಲಿ 40 ಹರ್ಟ್ಸ್. ಇದು ಪ್ರಾಮಾಣಿಕ ಅಂಕಿ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ 41 ಹರ್ಟ್ಸ್, ಅದು ಸಿಗುತ್ತದೆ. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್, ಅದು ಧಾರಾಳವಾಗಿ ಸಿಗುತ್ತದೆ. ಸಣ್ಣ ಸ್ಪೀಕರಿನಲ್ಲಿ ತಂಬೂರಿ ಎಂದರೆ ಬರೀ ಜೀವಾಳದ ಝೇಂಕಾರ, ಕೆಳಗಿನ ಆಧಾರವೇ ಇರುವುದಿಲ್ಲ. ಸಬ್ ಸೇರಿದಾಗ ಮೊದಲು ಕಿವಿಗೆ ಬೀಳುವ ವ್ಯತ್ಯಾಸ ಅದೇ. ಐದು ಮನೆ ಶ್ರುತಿಯ ಗಾಯಕಿಯರ ಕಚೇರಿಯಲ್ಲಿ ಮಂದ್ರ ಷಡ್ಜವೇ 98 ಹರ್ಟ್ಸ್‌ನಲ್ಲಿ ಇರುವುದರಿಂದ ಸಬ್‌ವೂಫರಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಮೃದಂಗಕ್ಕೆ ಇದೆ, ಅದರ ಮಾತು ಮುಂದೆ ಬರುತ್ತದೆ. ಸಿನಿಮಾದಲ್ಲಿ ಬಾಂಬ್ ಸಿಡಿದಾಗ ಎದೆ ನಡುಗಬೇಕು ಎನ್ನುವವರಿಗೆ ಮಾತ್ರ ಇದು ಸಾಲದು. ಆ ನಡುಕ ಇರುವುದು 30ಕ್ಕಿಂತ ಕೆಳಗೆ.

ವೈರಿಂಗಿಗೆ ಬರೋಣ. ಮೊದಲು ಆಂಪ್ಲಿಫೈಯರಿನ ಹಿಂಭಾಗ ಓದಿ. ‘ಸಬ್‌ವೂಫರ್ ಔಟ್’ ಎಂದು ಒಂದೇ ಜ್ಯಾಕ್ ಇದ್ದರೆ, ಯಮಾಹಾ ಎ-ಎಸ್301ನಂಥವುಗಳಲ್ಲಿ ಇರುವಂತೆ, ಒಂದು ಶೀಲ್ಡ್ ಇರುವ ಆರ್‌ಸಿಎ ಕೇಬಲ್ ಸಾಕು, ಕೆಲಸ ಐದು ನಿಮಿಷದ್ದು. ‘ಪ್ರೀ ಔಟ್’ ಎಂದು ಎಡ, ಬಲ ಎರಡು ಜ್ಯಾಕ್ ಇದ್ದರೆ ಎರಡನ್ನೂ ಸಬ್‌ನ ಲೈನ್ ಇನ್‌ಗೆ ಕೊಡಿ. ಎಲ್‌ಎಫ್‌ಇ (ಸಿನಿಮಾದ ಬೇಸ್‌ಗೆಂದೇ ಇರುವ ಚಾನಲ್) ಎಂದು ಗುರುತಿರುವ ದಾರಿಯಲ್ಲಿ ಕ್ರಾಸ್‌ಓವರ್ ಫಿಲ್ಟರ್ ಇರುವುದಿಲ್ಲ ಎಂಬುದು ನೆನಪಿರಲಿ. ಅದು ಎವಿ ರಿಸೀವರ್‌ಗಾಗಿ ಇಟ್ಟದ್ದು. ಪ್ರೀ ಔಟ್‌ನ ಪೂರ್ತಿ ಸಿಗ್ನಲನ್ನು ಅದಕ್ಕೆ ಕೊಟ್ಟರೆ ಗಾಯಕರ ದನಿ ಸಬ್‌ನಿಂದಲೇ ಗೊಗ್ಗರಾಗಿ ಬರುತ್ತದೆ, ನಾಬ್ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ‘ನಾಬ್ ಕೆಟ್ಟಿದೆ’ ಎಂದು ಸರ್ವಿಸ್‌ಗೆ ಹೊತ್ತುಕೊಂಡು ಹೋಗುವ ಮುನ್ನ ಪ್ಲಗ್ ಎಲ್ಲಿದೆ ನೋಡಿ.

‘ಟೇಪ್ ಔಟ್’, ‘ರೆಕ್ ಔಟ್’ ಜ್ಯಾಕ್‌ಗೆ ಸಬ್ ಜೋಡಿಸುವುದು ಬಹಳ ಜನ ಮಾಡುವ ತಪ್ಪು. ಆ ಜ್ಯಾಕ್‌ನ ಮಟ್ಟ ವಾಲ್ಯೂಮ್ ನಾಬ್‌ನ ಮಾತು ಕೇಳುವುದಿಲ್ಲ. ಹಾಡನ್ನು ಪೂರ್ತಿ ತಗ್ಗಿಸಿದರೂ ಬೇಸ್ ಒಂದೇ ಸಮನೆ ಗುದ್ದುತ್ತಲೇ ಇರುತ್ತದೆ.

ಇವು ಯಾವುದೂ ಇಲ್ಲದಿದ್ದರೆ ಸ್ಪೀಕರ್ ಟರ್ಮಿನಲ್ ದಾರಿ. ಇದಕ್ಕೆ ಎರಡು ಕ್ರಮ ಇವೆ. ಆಂಪ್ಲಿಫೈಯರಿನಿಂದ ಸಬ್‌ಗೆ, ಸಬ್‌ನಿಂದ ಸ್ಪೀಕರ್‌ಗಳಿಗೆ ಎಂದು ಸರಪಳಿಯಂತೆ ಎಳೆಯುವುದು ಒಂದು. ಈಗಿರುವ ಸ್ಪೀಕರ್ ವೈರ್ ಮುಟ್ಟದೆ, ಆಂಪ್ಲಿಫೈಯರಿನಿಂದ ಸಬ್‌ಗೆ ಬೇರೆ ಜೋಡಿ ಎಳೆಯುವುದು ಇನ್ನೊಂದು. ಎರಡನೆಯದೇ ಒಳ್ಳೆಯದು. ಸಬ್ ಮೂಲೆಯಲ್ಲಿ ಇರುತ್ತದೆ, ಮೊದಲ ಕ್ರಮದಲ್ಲಿ ಸ್ಪೀಕರಿನ ಸಿಗ್ನಲ್ ಮೂಲೆಗೆ ಹೋಗಿ ಮರಳಿ ಬರಬೇಕು, ಸುಮ್ಮನೆ ವೈರ್ ದಂಡ.

ಹೆದರಿಕೆಯೊಂದು ಎಲ್ಲರಿಗೂ ಇರುತ್ತದೆ: ಆಂಪ್ಲಿಫೈಯರಿನ ಮೇಲೆ ಹೊರೆ ಹೆಚ್ಚಾಗಿ ಸುಟ್ಟುಹೋದರೆ? ಇಲ್ಲ. ತನ್ನದೇ ಆಂಪ್ಲಿಫೈಯರ್ ಇರುವ ಸಬ್‌ವೂಫರಿನ ಈ ಇನ್‌ಪುಟ್ ಸ್ಪೀಕರಿನಂತೆ 4 ಅಥವಾ 8 ಓಮ್‌ನದ್ದಲ್ಲ, ಅದಕ್ಕಿಂತ ಬಹಳ ಹೆಚ್ಚಿನ ರೋಧ. ಹರಿಯುವ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು. ಅದೇ ಕಾರಣಕ್ಕೆ ದಪ್ಪ ವೈರೂ ಬೇಕಿಲ್ಲ, 1 ಚದರ ಮಿಲಿಮೀಟರ್ ಧಾರಾಳ ಆಯಿತು. ಆದರೆ ಆಂಪ್ಲಿಫೈಯರ್ ಇಲ್ಲದ ಪ್ಯಾಸಿವ್ ಸಬ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಜೆ.ಸಿ. ರಸ್ತೆಯ ಕಾರ್ ಅಂಗಡಿಗಳಲ್ಲಿ ಸಿಗುವ ಬರೀ ವೂಫರ್ ಡಬ್ಬ ತಂದು ಹೀಗೆ ಜೋಡಿಸಿದರೆ ಆಂಪ್ಲಿಫೈಯರ್ ನಿಜವಾಗಿಯೂ ಸುಡಬಹುದು. ಅಲ್ಲಿನ ಆಂಪ್ಲಿಫೈಯರ್ ಸಹಿತ ಬೇಸ್ ಟ್ಯೂಬ್ ಕೇಳುವುದು 12 ವೋಲ್ಟ್ ಡಿಸಿ. ಅದು ಕಾರಿಗೇ ಸರಿ.

ಎಲ್ಲದರ ಪ್ಲಗ್ ಕಿತ್ತ ಮೇಲೆ ಕೈಹಚ್ಚಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಎರಡು ಎಳೆಯ ವೈರ್ ಎರಡು ತುಂಡು ಬೇಕು, ಎಡಕ್ಕೊಂದು ಬಲಕ್ಕೊಂದು. ತುದಿಯನ್ನು 10 ಮಿಲಿಮೀಟರ್ ಸುಲಿದು, ಎಳೆಗಳನ್ನು ಬತ್ತಿ ಹೊಸೆದಂತೆ ಒಂದೇ ದಿಕ್ಕಿಗೆ ಹೊಸೆಯಿರಿ. ಟರ್ಮಿನಲ್‌ಗೆ ತೂರಿಸಿ ಬಿಗಿಮಾಡಿದ ಮೇಲೆ ಮೊಬೈಲ್ ಟಾರ್ಚ್ ಹಾಕಿ ನೋಡಿ. ಕೂದಲೆಳೆಯಷ್ಟು ತಾಮ್ರ ಹೊರಗೆ ಇಣುಕಿ ಕೆಂಪು ಟರ್ಮಿನಲ್‌ನಿಂದ ಪಕ್ಕದ ಕಪ್ಪಿಗೆ ತಾಗಿದ್ದರೂ ಶಾರ್ಟ್. ಅದೃಷ್ಟ ಚೆನ್ನಾಗಿದ್ದರೆ ಒಳಗಿನ ಪ್ರೊಟೆಕ್ಷನ್ ರಿಲೇ ‘ಟಿಕ್’ ಎಂದು ಬಿಡಿಸುತ್ತದೆ. ಹಳೇ ಸೆಟ್‌ಗಳಲ್ಲಿ ರಿಲೇ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ.

ಆಂಪ್ಲಿಫೈಯರಿನಲ್ಲಿ ಸ್ಪೀಕರ್ ‘ಎ’, ‘ಬಿ’ ಎರಡು ಜೋಡಿ ಇದ್ದರೆ ಸ್ಪೀಕರ್‌ಗಳು ‘ಎ’ಯಲ್ಲೇ ಇರಲಿ, ಸಬ್‌ನ ವೈರ್ ‘ಬಿ’ಗೆ ಹೋಗಲಿ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ, ಎಡ ಎಡಕ್ಕೆ. ಮುಂದಿನ ಸ್ವಿಚ್ಚಿನಲ್ಲಿ ಎರಡನ್ನೂ ಒತ್ತಿ. ಎರಡನ್ನೂ ಒತ್ತಿದ ಕೂಡಲೇ ಸ್ಪೀಕರ್‌ಗಳ ದನಿಯೇ ಪಿಸುಮಾತಿನಷ್ಟು ಇಳಿದುಹೋದರೆ ಗಾಬರಿಯಾಗಬೇಡಿ. ಕೆಲವು ಹಳೇ ಸೆಟ್‌ಗಳು ಎ ಮತ್ತು ಬಿಯನ್ನು ಒಂದರ ಹಿಂದೊಂದು, ಸರಣಿಯಲ್ಲಿ ಜೋಡಿಸುತ್ತವೆ. ಸಬ್‌ನ ದೊಡ್ಡ ರೋಧ ದಾರಿಗೆ ಅಡ್ಡ ಬಂದು ಸ್ಪೀಕರ್‌ಗೆ ಕರೆಂಟ್ ಹೋಗದಂತೆ ತಡೆಯುತ್ತದೆ. ಪರಿಹಾರ ಸುಲಭ: ಸ್ಪೀಕರ್ ವೈರ್, ಸಬ್ ವೈರ್ ಎರಡನ್ನೂ ‘ಎ’ ಟರ್ಮಿನಲ್‌ಗೇ ಕೊಟ್ಟು ‘ಬಿ’ ಬಿಟ್ಟುಬಿಡಿ.

ಈ ಜೋಡಣೆಯಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವ ದೋಷ ಇನ್ನೊಂದಿದೆ. ಎಲ್ಲ ಸರಿ ಇದೆ, ದೀಪ ಉರಿಯುತ್ತಿದೆ, ಬೇಸ್ ಮಾತ್ರ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೂ ಬಡಕಲು. ಆಗ ಸಬ್‌ಗೆ ಹೋಗುವ ಎರಡು ಜೋಡಿಯಲ್ಲಿ ಒಂದನ್ನು, ಪ್ಲಗ್ ಕಿತ್ತು, ಪೂರ್ತಿ ಬಿಚ್ಚಿ ಮತ್ತೆ ಹಾಡು ಹಾಕಿ. ಒಂದೇ ಜೋಡಿಯಲ್ಲಿ ಬೇಸ್ ಹೆಚ್ಚಾದರೆ ಎರಡರಲ್ಲಿ ಒಂದು ತಿರುವುಮುರುವಾಗಿದೆ ಎಂದರ್ಥ. ಸಬ್‌ವೂಫರ್ ಎಡ, ಬಲ ಎರಡನ್ನೂ ಕೂಡಿಸಿ ಒಂದು ಮಾಡುತ್ತದೆ. ಹಾಡಿನ ಬೇಸ್ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಇರುವುದರಿಂದ, ಒಂದು ಉಲ್ಟಾ ಆದರೆ ಕೂಡುವ ಬದಲು ಕಳೆದುಹೋಗುತ್ತದೆ.

ಈಗ ಆನ್‌ಲೈನ್‌ನಲ್ಲಿ ಮಾರುವ ಅಂಗೈಯಗಲದ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳಿಗೆ ಒಂದು ಎಚ್ಚರಿಕೆ. ಟಿಪಿಎ3116 ಚಿಪ್ ಇರುವಂಥವುಗಳಲ್ಲಿ ಕಪ್ಪು ಟರ್ಮಿನಲ್ ಎಂದರೆ ಗ್ರೌಂಡ್ ಅಲ್ಲ, ಅದರಲ್ಲೂ ಸಿಗ್ನಲ್ ಇರುತ್ತದೆ. ಎಡದ ಕಪ್ಪನ್ನೂ ಬಲದ ಕಪ್ಪನ್ನೂ ಕೂಡಿಸಿದರೆ ಚಿಪ್ ಸುಡಬಹುದು. ಸಬ್‌ನ ಒಳಗೇ ಎರಡು ಕಪ್ಪು ಟರ್ಮಿನಲ್‌ಗಳು ಕೂಡಿಕೊಂಡಿರುವ ಸಾಧ್ಯತೆ ಇರುತ್ತದೆ. ಸಬ್‌ನ ಪ್ಲಗ್ ಕಿತ್ತು, ವೈರ್ ಏನೂ ಇಲ್ಲದಾಗ ಮಲ್ಟಿಮೀಟರನ್ನು ಕಂಟಿನ್ಯುಯಿಟಿಗೆ ಇಟ್ಟು ಎರಡು ಕಪ್ಪಿನ ನಡುವೆ ಮುಟ್ಟಿಸಿ. ‘ಬೀಪ್’ ಎಂದರೆ ಅಂಥ ಆಂಪ್ಲಿಫೈಯರಿನ ಜೊತೆ ಈ ದಾರಿ ಬೇಡ, ಸಬ್ ಔಟ್ ಇರುವ ಮಾಡೆಲ್ ನೋಡಿ.

ಬೇಕಾದ ಸಾಮಾನೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತದೆ. ಚಿಕ್ಕಪೇಟೆ ಅಥವಾ ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆಯುವುದೇ ಲೇಸು, ಆ ಗಲ್ಲಿಗಳಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುತ್ತ ಅರ್ಧ ದಿನ ಹೋಗುತ್ತದೆ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ವೈರನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಕತ್ತರಿಸುವ ಮುನ್ನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲೆ ಕೆಂಪಗಿದ್ದು ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ಮೇಲೆ ಬೆಳ್ಳಗಿದ್ದು ಕೆರೆದಾಗ ಕೆಂಪಗೆ ಕಂಡರೆ ತವರ ಲೇಪಿಸಿದ ಒಳ್ಳೇ ತಾಮ್ರ. ಸಬ್‌ನ ಸಿಗ್ನಲಿಗೆ ಅಲ್ಯೂಮಿನಿಯಂ ಆದರೂ ಸದ್ದು ಬರುತ್ತದೆ, ಆದರೆ ಎರಡು ಸಲ ಬಗ್ಗಿಸಿದರೆ ಎಳೆ ಮುರಿಯುತ್ತದೆ, ತಾಮ್ರದ ಬೆಲೆ ಕೊಟ್ಟು ಅದನ್ನು ಯಾಕೆ ತರಬೇಕು? ಆರ್‌ಸಿಎ ಕೇಬಲ್ ಬೇಕಾದವರು ಸುತ್ತಲೂ ಜಾಲರಿ ಇರುವ ಕೋಆಕ್ಸಿಯಲ್ ವೈರಿಗೆ ಪ್ಲಗ್ ಬೆಸುಗೆ ಹಾಕಿಸಿಕೊಳ್ಳಿ, 5 ಮೀಟರ್ ಸಾಕು. ಮೊಬೈಲ್ ಸ್ಪೀಕರಿಗೆ ಕೊಡುವ ಕಡ್ಡಿಯಂಥ ಕೇಬಲ್ ಅಷ್ಟು ಉದ್ದಕ್ಕೆ ಹಮ್ (ಬಿಡದೆ ಗುಂಯ್‌ಗುಡುವ ಸದ್ದು) ಎಳೆಯುತ್ತದೆ.

ಅಮೆರಿಕದಲ್ಲಿರುವ ಮಗನ ಕೈಲೋ ಅಕ್ಕನ ಕೈಲೋ ತರಿಸುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. ಅಲ್ಲಿಯ ಕರೆಂಟ್ 120 ವೋಲ್ಟ್, ನಮ್ಮದು 230. ಪೆಟ್ಟಿಗೆಯ ಹಿಂದಿನ ಚೀಟಿಯಲ್ಲಿ ಬರೀ 120 ಎಂದಿದ್ದರೆ ನೇರ ಸಿಕ್ಕಿಸಿದ ಕ್ಷಣವೇ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಈ ಸಬ್‌ಗೆ 200 ವಿಎ ಇರಲಿ. ಹೇರ್ ಡ್ರೈಯರಿಗೆಂದು ಮಾರುವ ಹಗುರದ ಟ್ರಾವೆಲ್ ಕನ್ವರ್ಟರ್ ಖಂಡಿತ ಬೇಡ. ಅದರಿಂದ ಬರುವ ಕರೆಂಟಿನ ಅಲೆ ಸರಿ ಇರುವುದಿಲ್ಲ. 23 ಕಿಲೊ ಲಗೇಜಿನಲ್ಲಿ 12 ಕಿಲೊ ಇದಕ್ಕೇ ಹೋಗಿ, ಮೇಲೆ ಟ್ರಾನ್ಸ್‌ಫಾರ್ಮರ್ ಖರ್ಚು. 230 ವೋಲ್ಟ್‌ನ ಮಾಡೆಲನ್ನೇ ಇಲ್ಲಿ ಕೊಳ್ಳುವುದು ಜಾಣತನ. ಸೆಕೆಂಡ್‌ಹ್ಯಾಂಡ್ ಆದರೆ ಕೋನನ್ನು ಎರಡೂ ಹೆಬ್ಬೆರಳಿಂದ ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ಒಳಗಿನಿಂದ ಕರಕರ ಎಂದರೆ ವಾಯ್ಸ್ ಕಾಯಿಲ್ ತಾಗುತ್ತಿದೆ, ಕೈಬಿಡಿ.

ಎಲ್ಲಿ ಇಡಬೇಕು ಎಂಬುದು ಯಾವ ಮಾಡೆಲ್ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ನಮ್ಮ ಊರಿನ ಮಾಮೂಲಿ ರೂಮು 10 ಅಡಿಗೆ 12 ಅಡಿ, ಸೂರು 10 ಅಡಿ. 12 ಅಡಿಯ ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಅಲೆ ಸಿಕ್ಕಿಬಿದ್ದು ಅನುರಣಿಸುತ್ತದೆ. 10 ಅಡಿಯ ನಡುವೆ ಸುಮಾರು 56. ಅಗಲವೂ ಎತ್ತರವೂ ಒಂದೇ ಆಗಿರುವುದರಿಂದ ಆ 56 ಎರಡು ಪಟ್ಟು ಬಲವಾಗುತ್ತದೆ. ಬೇಸ್ ಗಿಟಾರ್ ಏರುತ್ತ ಇಳಿಯುತ್ತ ಹೋಗುವಾಗ ಒಂದೇ ಒಂದು ಸ್ವರ ಮಾತ್ರ ‘ಭುಂ’ ಎಂದು ರೂಮು ತುಂಬುವುದು ಇದಕ್ಕೇ. ಸಬ್ ಕೆಟ್ಟದ್ದಲ್ಲ, ಅದು ಗೋಡೆಗಳ ಕೆಲಸ. ಮೂಲೆಯಲ್ಲಿ ಇಟ್ಟರೆ ಈ ಅಲೆಗಳೆಲ್ಲ ಪೂರ್ತಿ ಎದ್ದು ನಿಲ್ಲುತ್ತವೆ. 50 ವ್ಯಾಟಿನ ಸಬ್‌ಗೆ ಮೂಲೆಯ ಬಲ ಬೇಕೆನಿಸುವುದು ಸಹಜ, ಆದರೆ ಈ ಅಳತೆಯ ರೂಮಿಗೆ ಅದು ಬೇಕಿಲ್ಲ.

ಜಾಗ ಹುಡುಕಲು ಹಳೆಯ ಉಪಾಯವೇ ಗಟ್ಟಿ. ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೆ ಇಡಿ, ಬೇಸ್ ಇರುವ ಹಾಡನ್ನು ಮತ್ತೆ ಮತ್ತೆ ಹಾಕಿ, ಗೋಡೆಯ ಅಂಚಿಗೆ ಮಂಡಿಯೂರಿ ಕಿವಿ ನೆಲದ ಮಟ್ಟಕ್ಕೆ ತಂದು ಸುತ್ತಿ. ಎಲ್ಲ ಸ್ವರವೂ ಸಮನಾಗಿ ಕೇಳುವ ಜಾಗವೇ ಸಬ್‌ನ ಜಾಗ. ಅದು ಬೀರು ಹಿಂದೆಯೋ ಬಾಗಿಲ ಬಳಿಯೋ ಬಂದರೆ ಎರಡನೆಯ ಒಳ್ಳೇ ಜಾಗ ನೋಡಿಕೊಳ್ಳಿ. ಟೈಲ್ಸ್ ನೆಲದ ಮೇಲೆ ಕಾಲುಗಳ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯವರಿಗೆ ಹೋಗುವ ಗುದ್ದು ಒಂದಿಷ್ಟು ತಗ್ಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಗೊಡ್ರೆಜ್ ಬೀರುವಿನ ಬಾಗಿಲು, ಶೋಕೇಸಿನ ಗಾಜು, ದೇವರ ಮನೆಯ ಗಂಟೆ ಇವೆಲ್ಲ ನಡುಗಿ ಸದ್ದು ಮಾಡಿ ಸಬ್‌ನ ಮೇಲೆ ಅಪವಾದ ತರುತ್ತವೆ. ಅದುರುವುದನ್ನು ಕೈಯಿಂದ ಮುಟ್ಟಿ ಮುಟ್ಟಿ ಪತ್ತೆ ಹಚ್ಚಿ.

ಈಗ ನಾಬ್‌ಗಳು. ಆಂಪ್ಲಿಫೈಯರಿನ ಲೌಡ್‌ನೆಸ್ ಗುಂಡಿ ಆಫ್ ಮಾಡಿ, ಬೇಸ್ ನಾಬ್ ಮಧ್ಯಕ್ಕೆ ತನ್ನಿ. ಸ್ಪೀಕರ್ ಟರ್ಮಿನಲ್‌ನಿಂದ ತೆಗೆದ ಸಿಗ್ನಲಿನಲ್ಲಿ ಇವೆರಡರ ಏರಿಕೆಯೂ ಸೇರಿಯೇ ಬರುತ್ತದೆ. ಸಬ್‌ನ ಕ್ರಾಸ್‌ಓವರನ್ನು 5 ಇಂಚಿನ ಸ್ಪೀಕರಿಗೆ ತುದಿಯ 80ಕ್ಕೆ ಇಡಿ, 4 ಇಂಚಿನದಕ್ಕೆ 100ರ ಸುತ್ತ. 120 ದಾಟಿದರೆ ಬೇಸ್ ಯಾವ ಮೂಲೆಯಿಂದ ಬರುತ್ತಿದೆ ಎಂದು ಕಿವಿ ಪತ್ತೆ ಹಚ್ಚಿಬಿಡುತ್ತದೆ. ವಾಲ್ಯೂಮ್ ಸೊನ್ನೆಯಿಂದ ಶುರುಮಾಡಿ ಮೆಲ್ಲಗೆ ಏರಿಸಿ, ಸಬ್ ಇದೆ ಎಂದು ಗೊತ್ತಾದ ಕೂಡಲೇ ಒಂದು ಕೂದಲಷ್ಟು ಹಿಂದಕ್ಕೆ.

ಸಬ್‌ನ ಅಲೆಯನ್ನು ಸ್ಪೀಕರ್‌ಗಳ ಅಲೆಯೊಂದಿಗೆ ಹೊಂದಿಸುವ ಫೇಸ್ ಸ್ವಿಚ್‌ಗೆ ಇಬ್ಬರು ಬೇಕು. ಮೊಬೈಲಿನ ಟೋನ್ ಜನರೇಟರ್ ಆಪ್‌ನಿಂದ 80 ಹರ್ಟ್ಸ್ ಸ್ವರವನ್ನು ಸ್ಟೀರಿಯೊಗೆ ಕೊಟ್ಟು, ಸ್ಪೀಕರ್‌ಗಳೂ ಸಬ್ಬೂ ಎಲ್ಲ ಹಾಡುವಂತೆ ಬಿಡಿ. ಒಬ್ಬರು ಕುರ್ಚಿಯಲ್ಲಿ ಕೂರಲಿ, ಇನ್ನೊಬ್ಬರು 0, 180 ಬದಲಿಸಲಿ. ಕೂತವರಿಗೆ ಯಾವುದರಲ್ಲಿ ಸದ್ದು ಹೆಚ್ಚೋ ಅದೇ ಸರಿ. ಸ್ವಿಚ್ಚಿನ ಬಳಿ ನಿಂತವರ ಅಭಿಪ್ರಾಯ ಲೆಕ್ಕಕ್ಕಿಲ್ಲ. ಸಬ್ ಜಾಗ ಬದಲಿಸಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು.

ಆಮೇಲೆ ಮೃದಂಗದ ತನಿ ಆವರ್ತನ ಹಾಕಿ. ಎಡದ ಮುಖದ ಮೇಲೆ ಅಂಗೈ ಒತ್ತಿ ಜಾರಿಸುವ ಗುಮ್ಕಿ ಇದೆಯಲ್ಲ, ಅದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ. ನಾದ ಒಂದು ಸ್ವರದಿಂದ ಇನ್ನೊಂದಕ್ಕೆ ಎಣ್ಣೆಯ ಧಾರೆಯಂತೆ ಇಳಿಯಬೇಕು. ಜಾರುವ ದಾರಿಯ ನಡುವೆ ಒಂದು ಕಡೆ ಉಬ್ಬಿದರೆ ಸಬ್ ಮತ್ತು ಸ್ಪೀಕರ್ ಒಂದೇ ಜಾಗದಲ್ಲಿ ಹಾಡುತ್ತಿವೆ, ವಾಲ್ಯೂಮ್ ಇಳಿಸಿ. ನಡುವೆ ಒಂದು ಕಡೆ ಟೊಳ್ಳಾದರೆ ಫೇಸ್ ತಪ್ಪಿದೆ, ಅಥವಾ ಕ್ರಾಸ್‌ಓವರ್ ಇನ್ನೊಂದಿಷ್ಟು ಮೇಲೇರಬೇಕು. ಬುಕ್‌ಶೆಲ್ಫ್ ಸ್ಪೀಕರಿನ ಜೊತೆ ಸರಿಯಾಗಿ ಕೂರಿಸಿದ ಈ ಸಬ್‌ನಲ್ಲಿ ಗುಮ್ಕಿ ಅಖಂಡವಾಗಿ ಇಳಿಯುತ್ತದೆ, ಚರ್ಮದ ಮೇಲಿನ ರವೆ ಹಿಟ್ಟಿನ ಒದ್ದೆ ಭಾರ ಕೂಡ ಕೇಳುತ್ತದೆ. ಈ ವರ್ಗದ ಪೆಟ್ಟಿಗೆಯಿಂದ ಅಷ್ಟು ಸಿಗುವುದು ದೊಡ್ಡದು.

ಹಮ್ ಬಂದರೆ ಸಬ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಅರ್ಧ ಸಮಸ್ಯೆಗಳು ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಟಿವಿ ಸೆಟ್‌ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿ. ಅದರ ಹೊರಜಾಲರಿ ಬೇರೆ ಕಡೆಯ ಅರ್ಥಿಂಗ್ ಹೊತ್ತು ತಂದು ನಮ್ಮ ಅರ್ಥಿಂಗ್ ಜೊತೆ ಸುತ್ತು ಹಾಕಿಕೊಂಡಿರುತ್ತದೆ. ಆ ಸುತ್ತಿನಲ್ಲಿ 50 ಹರ್ಟ್ಸ್ ಹರಿಯುತ್ತದೆ, ಅದನ್ನು ಎತ್ತಿ ಹಾಡುವುದೇ ಸಬ್‌ನ ಕೆಲಸ. ಹಮ್ ನಿಲ್ಲಿಸಲು ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಕತ್ತರಿಸುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಮಾಡಲು ಬಿಡಬೇಡಿ, ಅದು ಜೀವ ಕಾಯುವ ಪಿನ್. ಕರೆಂಟ್ ಹೋಗಿ ಯುಪಿಎಸ್‌ಗೆ ಬಿದ್ದಾಗ ಮಾತ್ರ ಗುರ್ರ್ ಎಂದರೆ ದೋಷ ಸಬ್‌ನಲ್ಲಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರ್ ಕೊಡುವ ಕರೆಂಟೇ ಹಾಗೆ. ಸೈನ್ ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಆ ಸದ್ದು ಬರುವುದಿಲ್ಲ. ಇಲ್ಲದ ಮನೆಯವರು ಸಬ್‌ನ ಪ್ಲಗ್ಗನ್ನು ಯುಪಿಎಸ್ ಲೈನ್ ಇಲ್ಲದ ಪಾಯಿಂಟಿಗೆ ಹಾಕಿಡಲಿ.